ಸಮುದ್ರ ಐಸ್ ಆಗುವುದಿಲ್ಲ ಎಂದು ನಾನು ಹೇಳಿದ್ದು

ಉತ್ತರ ಧ್ರುವದ ಚಳಿಯ ಬಗ್ಗೆ ತಿಳಿದುಕೊಳ್ಳಬೇಕಾದರೆ ನಮ್ಮ ಮನೆಯಲ್ಲಿ ಮೊದಲು ಫ್ಯಾನ್ ನಿಲ್ಲಿಸಬೇಕು. ಫ್ಯಾನಿನ ಸದ್ದು ಮೈಕಿಗೆ ಹೋಗುತ್ತದಂತೆ. ಬಸ್ಸಿನ ಹಾರ್ನ್ ಕೇಳುತ್ತದೆಂದು ಕಿಟಕಿಯನ್ನೂ ಹಾಕಬೇಕು. ಎಪ್ರಿಲ್ ತಿಂಗಳಲ್ಲಿ ಮಂಗಳೂರಿನ ದೇರೆಬೈಲಿನಲ್ಲಿ ಸಂಜೆ ಆರೂವರೆಗೆ ಹಾಗೆ ಮುಚ್ಚಿಕೊಂಡು ಕೂತರೆ ಬೆನ್ನಿನಲ್ಲಿ ಬೆವರು ಧಾರೆಯಾಗಿ ಇಳಿಯುತ್ತದೆ. ಲ್ಯಾಪ್‌ಟಾಪಿನ ಒಳಗಿನವರು ಮಾತ್ರ ಉಣ್ಣೆಯ ಅಂಗಿ ಹಾಕಿ, ಎರಡೂ ಕೈಯಲ್ಲಿ ದೊಡ್ಡ ಕಪ್ಪು ಹಿಡಿದುಕೊಂಡು, ಭೂಮಿ ಬಿಸಿಯಾಗುತ್ತಿದೆ ಎಂದು ನಮಗೆ ತಿಳಿಸುತ್ತಾರೆ. ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ.

ಇದು ಮೊಮ್ಮಗಳ ಕಾರುಬಾರು. ಮಗಳು ಅಳಿಯ ಇಬ್ಬರೂ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾರೆ. ಹುಡುಗಿ ನನ್ನ ಜೊತೆಯಲ್ಲಿದ್ದು ಸಮುದ್ರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಾಳೆ. ಸಮುದ್ರ ಓದುವವಳಿಗೆ ಮೀನಿನಲ್ಲಿ ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಅದನ್ನು ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. ಹಾಗಾಗಿ ಹೇಳುತ್ತಲೇ ಇರುತ್ತೇನೆ.

ಕಾರ್ಯಕ್ರಮ ಆರು ಗುರುವಾರಗಳದ್ದು. ಬೇರೆ ಬೇರೆ ದೇಶಗಳ ವಿಜ್ಞಾನಿಗಳೂ ಆ ಶೀತ ಪ್ರದೇಶದಲ್ಲಿ ಬಾಳುವ ಜನರೂ ಆನ್‌ಲೈನಿನಲ್ಲಿ ಬಂದು ಮಾತಾಡುತ್ತಾರೆ. ಕೇಳಿದ ವಿದ್ಯಾರ್ಥಿಗಳಲ್ಲಿ ಎಂಟು ಮಂದಿಯನ್ನು ಕೊನೆಗೆ ಆರಿಸಿ, ಮೂರು ವಾರ ಉತ್ತರದ ಒಂದು ದ್ವೀಪದ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಹುಡುಗಿಗೆ ಆ ಒಂದು ಸೀಟು ಬೇಕಿತ್ತು. ಬೇಕಿತ್ತು ಎಂದರೆ, ಮೀನು ಸಾರು ಹಾಕಿದ ಬಟ್ಟಲಿನ ಮುಂದೆ ಕೂತು, ಉಣ್ಣಲು ಮರೆತು ಕೈ ಒಣಗಿಸಿಕೊಳ್ಳುವಷ್ಟು.

ಆರಿಸುವ ಕ್ರಮ ವಿಚಿತ್ರವಾಗಿತ್ತು. ಕೊನೆಯ ಗುರುವಾರ ಪ್ರತಿಯೊಬ್ಬರೂ ತಾವು ಓದುತ್ತಿರುವ ವಿಷಯವನ್ನು, ವಿಜ್ಞಾನ ಓದದ ಮನೆಯವರೊಬ್ಬರಿಗೆ ಕ್ಯಾಮೆರಾದ ಎದುರೇ ಐದು ನಿಮಿಷದಲ್ಲಿ ತಿಳಿಸಬೇಕು. ಕೇಳಿದವರು ತಮಗೆ ಅರ್ಥವಾದದ್ದನ್ನು ತಮ್ಮ ಭಾಷೆಯಲ್ಲಿ ಮೂರು ನಿಮಿಷದಲ್ಲಿ ತಿರುಗಿ ಹೇಳಬೇಕು. ವಿದ್ಯಾರ್ಥಿ ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ಅಂಕ ಕೊಡುವುದು ಹೇಳಿದವರ ಜಾಣತನಕ್ಕಲ್ಲ, ಕೇಳಿದವರ ತಲೆಗೆ ಎಷ್ಟು ಹೋಯಿತು ಎಂಬುದಕ್ಕೆ.

ನಾನು ಓದಿದ್ದು ಐದನೇ ಕ್ಲಾಸು. ವಿಜ್ಞಾನ ಓದದವರು ಎಂದರೆ ನನ್ನಷ್ಟು ಸರಿಯಾಗಿ ಓದದವರು ಅವಳಿಗೆ ಎಲ್ಲಿ ಸಿಗಬೇಕು.

"ಅಜ್ಜಿ, ನೀನು ಎಲ್ಲ ಗುರುವಾರವೂ ನನ್ನ ಒಟ್ಟಿಗೆ ಕೂರಬೇಕು. ಸ್ವಲ್ಪ ಅಭ್ಯಾಸ ಆಗ್ತದೆ," ಎಂದಳು.

"ನನ್ನ ಧಾರಾವಾಹಿ?"

"ಅದರಲ್ಲಿ ಎಂತ ಉಂಟು ಮಾರಾಯ್ತಿ? ಆರು ತಿಂಗಳಿಂದ ಅದೇ ಮದುವೆ."

ಅದು ನಿಜವೇ. ಕೂತೆ.

ನನ್ನ ಜೊತೆ ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸೂ ಬರತೊಡಗಿದಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಗಂಡನದ್ದು ಕೂಳೂರಿನಲ್ಲಿ ಜೀನಸಿನ ಅಂಗಡಿ ಇತ್ತು, ಈಗ ಮಕ್ಕಳು ನೋಡಿಕೊಳ್ಳುತ್ತಾರೆ. ನಮ್ಮಿಬ್ಬರ ಮಾತು ತುಳುವಿನಲ್ಲಿ. ಅವಳಿಗೆ ವಿಜ್ಞಾನ ಬೇಡ, ಹವಾಮಾನವೂ ಬೇಡ. ಮಾತಾಡುವವರ ಬೆನ್ನ ಹಿಂದಿನ ಕಪಾಟು, ಪರದೆ, ಗೋಡೆಯ ಬಣ್ಣ ನೋಡಬೇಕು. ಒಬ್ಬ ಗಡ್ಡದ ವಿಜ್ಞಾನಿ ಅರ್ಧ ಗಂಟೆ ಗಾಳಿಯ ಬಗ್ಗೆ ಮಾತಾಡಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ಅಕ್ಕ, ಇವನಿಗೆ ಮದುವೆ ಆಗ್ಲಿಲ್ಲ. ಕಪಾಟು ನೋಡಿ, ಒಂದು ಪುಸ್ತಕ ನೆಟ್ಟಗೆ ನಿಂತಿಲ್ಲ."

"ಉಮ್ಮ, ಮೈಕ್ ಆನ್ ಉಂಟು," ಎಂದು ಹುಡುಗಿ ಅವಳಿಗೆ ಹೇಳಿ ಹಣೆ ಒತ್ತಿಕೊಂಡಳು. ಅದೃಷ್ಟಕ್ಕೆ ಅವನಿಗೆ ತುಳು ಬಾರದು.

ಮೂರನೆಯ ಗುರುವಾರ ಒಬ್ಬಳು ಮುದುಕಿ ಬಂದಳು. ಮುಖದ ತುಂಬ ಗೆರೆ, ಹಲ್ಲು ನನಗಿಂತ ಎರಡೋ ಮೂರೋ ಹೆಚ್ಚು. ತೀರಾ ಉತ್ತರದಲ್ಲಿ ಸಮುದ್ರದ ಬದಿಯ ಊರಿನವಳಂತೆ. ಅವಳು ತನ್ನ ಭಾಷೆಯಲ್ಲಿ ಹೇಳಿದಳು, ಪಕ್ಕದಲ್ಲಿದ್ದವಳು ಇಂಗ್ಲಿಷಿನಲ್ಲಿ ಹೇಳಿದಳು, ನಮ್ಮ ಹುಡುಗಿ ಮೈಕ್ ಮುಚ್ಚಿ ತುಳುವಿನಲ್ಲಿ ಹೇಳಿದಳು.

"ಅವರ ಸಮುದ್ರದಲ್ಲಿ ಹೊಸ ಐಸ್, ಹಳೆ ಐಸ್ ಅಂತ ಬೇರೆ ಬೇರೆ ಉಂಟಂತೆ. ಹೊಸ ಐಸ್ ಕರಗಿಸಿ ಚಹಾ ಮಾಡಿದ್ರೆ ಉಪ್ಪು ಉಪ್ಪು. ಎರಡು ಮೂರು ವರ್ಷ ಹಳೆಯದಾದ್ರೆ ಉಪ್ಪು ಬಿಟ್ಟು ಹೋಗ್ತದೆ, ಕುಡಿಯಲಿಕ್ಕೆ ಆಗ್ತದೆ. ಈಗ ಹಳೆ ಐಸ್ ಹತ್ತಿರದಲ್ಲಿ ಸಿಗುವುದೇ ಅಪರೂಪ ಅಂತೆ."

ಬ್ಯಾರಿ ಹೆಂಗಸಿಗೆ ಅವಳ ಕಿವಿಯ ಓಲೆ ಹಿಡಿಸಿತು. ನನಗೆ ಅವಳ ಮಾತು ಹಿಡಿಸಿತು. ವಿಜ್ಞಾನಿಗಳ ಹಾಗೆ 'ಇರಬಹುದು', 'ಆಗಬಹುದು' ಎನ್ನದೆ, ಉಂಟು ಎಂದರೆ ಉಂಟು, ಇಲ್ಲ ಎಂದರೆ ಇಲ್ಲ. ಆದರೂ ಒಂದು ವಿಷಯದಲ್ಲಿ ಅವಳು ನಮಗೆ ಚೆನ್ನಾಗಿ ಟೋಪಿ ಹಾಕಿದಳು ಎಂದೇ ನನಗೆ ಅನಿಸಿತು. ಹುಡುಗಿಗೆ ಹೇಳಿದೆ:

"ಅದು ಸಮುದ್ರದ ಐಸ್ ಅಲ್ಲ. ಹೊಳೆಯಿಂದ ತೇಲಿ ಬಂದದ್ದು ಇರಬೇಕು. ಸಮುದ್ರ ಐಸ್ ಆಗುವುದಿಲ್ಲ."

ಹುಡುಗಿ ನನ್ನ ಮುಖ ನೋಡಿದಳು. "ಅಜ್ಜಿ, ನನ್ನ ವಿಷಯವೇ ಅದು. ಸಮುದ್ರ ಐಸ್ ಆಗುವಾಗ ಉಪ್ಪು ಎಲ್ಲಿಗೆ ಹೋಗ್ತದೆ ಅಂತ."

"ಹಾಗಾದ್ರೆ ನಿನ್ನ ವಿಷಯವೇ ತಪ್ಪು."

ನಾನು ತಮಾಷೆಗೆ ಹೇಳಿದ್ದಲ್ಲ. ನನಗೆ ವಿಜ್ಞಾನ ಗೊತ್ತಿಲ್ಲ, ಆದರೆ ಐಸ್ ಗೊತ್ತು. ಮೂವತ್ತು ವರ್ಷ ಬಂದರಿನ ದಕ್ಕೆಯಲ್ಲಿ ಕೆಲಸ ಮಾಡಿದವಳು ನಾನು. ದಕ್ಕೆ ಎಂದರೆ ಬೋಟುಗಳು ಮೀನು ಇಳಿಸುವ ಜಾಗ. ಅಲ್ಲಿ ಬುಟ್ಟಿಗೆ ಒಂದು ಪದರ ಮೀನು, ಒಂದು ಪದರ ಪುಡಿ ಐಸ್ ಹಾಕಿ ತುಂಬುವುದು ನನ್ನ ಕೆಲಸ. ನನ್ನ ಗಂಡ ಅಲ್ಲೇ ಪಕ್ಕದ ಐಸ್ ಪ್ಲಾಂಟಿನಲ್ಲಿ ಆಪರೇಟರ್. ಮನೆಯಲ್ಲಿ ಮಾತು ಕಡಿಮೆ, ಪ್ಲಾಂಟಿನಲ್ಲಿ ಮೆಷಿನ್ ಜೊತೆ ಮಾತಾಡುತ್ತಿದ್ದರು. ಮಧ್ಯಾಹ್ನ ಬುತ್ತಿ ಕೊಡಲು ಹೋಗಿ ಹೋಗಿ ಆ ಪ್ಲಾಂಟಿನ ಕೆಲಸ ನನಗೆ ಬಾಯಿಪಾಠವಾಗಿತ್ತು.

ಅಲ್ಲಿ ನೆಲದೊಳಗೆ ಒಂದು ದೊಡ್ಡ ತೊಟ್ಟಿ, ಮೇಲೆ ಮರದ ಹಲಗೆಗಳ ಮುಚ್ಚಳ. ತೊಟ್ಟಿಯ ತುಂಬ ಉಪ್ಪು ನೀರು. ಗೋಣಿಗಟ್ಟಲೆ ಉಪ್ಪು ಸುರಿದು ಮಾಡಿದ ನೀರು. ಅದನ್ನು ಅಮೋನಿಯಾ ಗ್ಯಾಸಿನಿಂದ ತಣ್ಣಗೆ ಮಾಡುತ್ತಾರೆ. ಉದ್ದುದ್ದ ತಗಡಿನ ಕ್ಯಾನುಗಳಲ್ಲಿ ಸಿಹಿ ನೀರು ತುಂಬಿ ಆ ತೊಟ್ಟಿಗೆ ಇಳಿಸುತ್ತಾರೆ. ಒಂದು ದಿನ ಕಳೆದರೆ ಕ್ಯಾನಿನೊಳಗಿನ ಸಿಹಿ ನೀರು ಕಲ್ಲಾಗಿರುತ್ತದೆ, ಸುತ್ತಲಿನ ಉಪ್ಪು ನೀರು ಹಾಗೆಯೇ ಹರಿದಾಡಿಕೊಂಡಿರುತ್ತದೆ. ಒಂದು ದಿನವಲ್ಲ, ಮೂವತ್ತು ವರ್ಷವೂ ಹಾಗೆಯೇ. ಉಪ್ಪು ನೀರು ಐಸ್ ಆಗುವುದಾದರೆ ತೊಟ್ಟಿಯೇ ಒಂದು ಬಂಡೆಯಾಗಿ, ಕ್ಯಾನುಗಳೆಲ್ಲ ಅದರೊಳಗೆ ಸಿಕ್ಕಿಕೊಂಡು, ಪ್ಲಾಂಟ್ ಮುಚ್ಚಬೇಕಿತ್ತು. ಮಂಗಳೂರಿನ ಮೀನೆಲ್ಲ ಕೊಳೆಯಬೇಕಿತ್ತು.

ಇದನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ಶಾಂತವಾಗಿ ಉತ್ತರಿಸಿದಳು. ಉಪ್ಪು ಜಾಸ್ತಿಯಾದಷ್ಟು ಐಸ್ ಆಗಲು ಹೆಚ್ಚು ಚಳಿ ಬೇಕು, ಸಮುದ್ರದಲ್ಲಿ ಅಷ್ಟು ಉಪ್ಪಿಲ್ಲ, ಅಲ್ಲಿ ಚಳಿ ಬೇಕಾದಷ್ಟಿದೆ ಎಂದಳು. ಕಾಗದದಲ್ಲಿ ಗೆರೆ ಎಳೆದಳು. ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದಳು. ಬಿಳಿ ಬಯಲಿನಂಥದ್ದು, ನಡುವೆ ಒಂದು ಹಡಗು.

"ಚಿತ್ರದಲ್ಲಿ ಹನುಮಂತ ಕೂಡ ಹಾರ್ತಾನೆ," ಎಂದೆ.

ನಾಲ್ಕನೆಯ ಗುರುವಾರ ಕಳೆಯುವಾಗ ಅವಳ ಮುಖದಲ್ಲಿ ನಗು ಕಡಿಮೆಯಾಗಿತ್ತು. ಸ್ವಂತ ಅಜ್ಜಿಗೆ ತಿಳಿಸಲಾಗದಿದ್ದರೆ ಸೀಟು ಹೋಯಿತೆಂದೇ ಲೆಕ್ಕ. ಅರ್ಥವಾಯಿತು ಎಂದು ಸುಳ್ಳು ಹೇಳಬಹುದಿತ್ತು. ಅವಳೂ ಒಮ್ಮೆ ಆ ದಾರಿಗೆ ಬಂದಳು.

"ಅಜ್ಜಿ, ನೀನು ನಂಬಬೇಕಂತ ಇಲ್ಲ. ನಾನು ಹೇಳಿದ್ದನ್ನು ಹಾಗೇ ತಿರುಗಿ ಹೇಳು, ಸಾಕು."

"ನಂಬದ್ದನ್ನು ಹೇಳಲಿಕ್ಕೆ ನಾನೆಂತ ರೇಡಿಯೋವಾ?"

"ಹಾಗಾದ್ರೆ ಪರೀಕ್ಷೆ ಮಾಡುವ. ಫ್ರಿಜ್ಜಿನ ಫ್ರೀಜರಿನಲ್ಲಿ ಉಪ್ಪು ನೀರು ಇಡುವ. ಐಸ್ ಆದ್ರೆ ಒಪ್ತೀಯಾ?"

ಒಪ್ಪಿದೆ. ಸ್ಟೀಲಿನ ತಂಬಿಗೆಯಲ್ಲಿ ನೀರು ತುಂಬಿ, ಉಪ್ಪು ಹಾಕಿ ಫ್ರೀಜರಿಗೆ ಇಟ್ಟದ್ದು ನಾನೇ. ಅವಳು ಕಾಲೇಜಿಗೆ ಹೋಗಿದ್ದಳು. ಮರುದಿನ ಬೆಳಿಗ್ಗೆ ಇಬ್ಬರೂ ತೆಗೆದು ನೋಡಿದೆವು. ಬೆರಳು ಹಾಕಿದರೆ ಕಚ್ಚುವಷ್ಟು ತಣ್ಣಗೆ, ಆದರೆ ನೀರು ನೀರೇ. ಅಲುಗಿಸಿದರೆ ಗುಳುಗುಳು ಎನ್ನುತ್ತಿತ್ತು. ನಾನು ಒಲೆಯ ಮೇಲೆ ಚಹಾಕ್ಕೆ ಇಟ್ಟೆ. ಬ್ಯಾರಿ ಹೆಂಗಸು ಗೋಡೆಯ ಆಚೆಯಿಂದಲೇ ವಿಚಾರಿಸಿದಳು.

"ಎಂತ ಆಯ್ತು ಅಕ್ಕ, ಸಮುದ್ರ ಗಟ್ಟಿ ಆಯ್ತಾ?"

"ಆಗ್ಲಿಲ್ಲ."

"ಪಾಪ, ಇನ್ನು ಆ ಉಣ್ಣೆ ಅಂಗಿಯವರಿಗೆಲ್ಲ ಹೋಗಿ ಹೇಳುವುದು ಯಾರು?"

ಹುಡುಗಿ ಮಧ್ಯಾಹ್ನದವರೆಗೆ ಕೋಣೆಯಿಂದ ಹೊರಗೆ ಬರಲಿಲ್ಲ. ಬಂದವಳು ನೇರ ಅಡುಗೆ ಮನೆಗೆ ಬಂದು ಕಲ್ಲುಪ್ಪಿನ ಭರಣಿಯ ಮುಚ್ಚಳ ತೆಗೆದಳು. ವಾರದ ಹಿಂದೆ ತುಂಬಿಸಿದ ಭರಣಿ ಅರ್ಧಕ್ಕಿಳಿದಿತ್ತು.

"ಅಜ್ಜಿ, ತಂಬಿಗೆಗೆ ಎಷ್ಟು ಉಪ್ಪು ಹಾಕಿದ್ದಿ?"

"ಹಾಕುವಷ್ಟು."

"ಎಷ್ಟು?"

"ನಾಲ್ಕು ಮುಷ್ಟಿ. ಐದೋ. ಪ್ಲಾಂಟಿನಲ್ಲಿ ತಳದಲ್ಲಿ ಉಪ್ಪು ಕರಗದೆ ನಿಲ್ಲುವಷ್ಟು ಹಾಕ್ತಿದ್ರು."

ಅವಳು ಭರಣಿ ಹಿಡಿದುಕೊಂಡು ನೆಲದ ಮೇಲೆ ಕೂತೇಬಿಟ್ಟಳು. ಅಳುತ್ತಾಳೋ ಎಂದು ನೋಡಿದೆ, ನಗುತ್ತಿದ್ದಳು. "ಅದು ಸಮುದ್ರ ಅಲ್ಲ ಅಜ್ಜಿ, ಅದು ಉಪ್ಪಿನಕಾಯಿ. ನೀನು ಪ್ಲಾಂಟನ್ನೇ ಫ್ರಿಜ್ಜಿನೊಳಗೆ ಇಟ್ಟದ್ದು."

ನನಗೆ ಉಪ್ಪು ನೀರು ಎಂದರೆ ಅದೇ ಪ್ಲಾಂಟಿನ ನೀರು. ಕೈ ತನ್ನಷ್ಟಕ್ಕೇ ಅಷ್ಟು ಹಾಕಿತ್ತು. ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಆದರೆ ಅದನ್ನು ಒಪ್ಪಿಕೊಳ್ಳಲು ನನಗೆ ಒಂದು ದಿನ ಬೇಕಾಯಿತು.

"ಹಾಗಾದ್ರೆ ಸಮುದ್ರದ ನೀರನ್ನೇ ತರುವ," ಎಂದೆ ಮರುದಿನ. "ನಿನ್ನ ಚಮಚದ ಲೆಕ್ಕ ನನಗೆ ಬೇಡ, ನನ್ನ ಮುಷ್ಟಿಯ ಲೆಕ್ಕ ನಿನಗೆ ಬೇಡ."

ಬಸ್ಸು ಹಿಡಿದು, ಕೂಳೂರು ಸೇತುವೆ ದಾಟಿ ಪಣಂಬೂರಿನ ಬೀಚಿಗೆ ಹೋದೆವು. ಬಿಸಿಲು ಇಳಿದಿತ್ತು. ಜನ ಐಸ್‌ಕ್ರೀಮು ತಿನ್ನುತ್ತಿದ್ದರು, ಮಕ್ಕಳು ಒದ್ದೆಯಾಗುತ್ತಿದ್ದರು, ಆಚೆ ಬಂದರಿನ ಕಡೆ ಹಡಗುಗಳು ಸಾಲಾಗಿ ಸರದಿಗೆ ಕಾಯುತ್ತಿದ್ದವು. ನಾನು ಸೀರೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ನೀರಿಗಿಳಿದು ಬಾಟಲಿ ಮುಳುಗಿಸಿದೆ. ಹುಡುಗಿಗೆ ಪ್ಯಾಂಟು ಒದ್ದೆಯಾಗಬಾರದಂತೆ. ಜನರನ್ನು ನೀರಿನಿಂದ ಆಚೆ ಕಳಿಸಲು ಸೀಟಿ ಹಿಡಿದು ನಿಂತಿದ್ದವನು ಬಂದು ಕೇಳಿದ.

"ಎಂತ ಅಜ್ಜಿ, ತೀರ್ಥಕ್ಕಾ?"

"ಅಲ್ಲ, ಐಸ್ ಮಾಡ್ಲಿಕ್ಕೆ."

ಅವನು ಹುಡುಗಿಯ ಕಡೆ ನೋಡಿದ, ಈ ಮುದುಕಿಯನ್ನು ಯಾಕೆ ಹೊರಗೆ ಬಿಟ್ಟಿದ್ದೀರಿ ಎನ್ನುವ ಹಾಗೆ. ಹುಡುಗಿ ಬೇರೆ ಯಾರದೋ ಮೊಮ್ಮಗಳಂತೆ ಹಡಗು ನೋಡುತ್ತಿದ್ದಳು.

ಆ ನೀರು ಐಸ್ ಆಯಿತು. ಬೆಳಿಗ್ಗೆ ನಾನೇ ಮೊದಲು ಎದ್ದು ನೋಡಿದೆ. ನಮ್ಮ ದಕ್ಕೆಯ ಐಸಿನ ಹಾಗೆ ಗಟ್ಟಿ ಕಲ್ಲಲ್ಲ. ಹಾಲು ಬೆರೆಸಿದ ಬಣ್ಣ, ಚಮಚದಲ್ಲಿ ಕೆರೆದರೆ ಉದುರುವಂಥದ್ದು. ಆದರೂ ಐಸ್. ಪಾತ್ರೆಯನ್ನು ಓರೆ ಮಾಡಿದೆ, ತಳದಲ್ಲಿ ಒಂದಿಷ್ಟು ನೀರು ಉಳಿದಿತ್ತು. ಬೆರಳಿನ ತುದಿಯಲ್ಲಿ ಆ ನೀರು ತಾಗಿಸಿ ನಾಲಗೆಗಿಟ್ಟೆ. ಮುಖ ಹಿಂಡಿತು. ಮತ್ತೆ ಐಸಿನ ಒಂದು ಚೂರನ್ನು ನಲ್ಲಿ ನೀರಿನಲ್ಲಿ ತೊಳೆದು ನಾಲಗೆಗಿಟ್ಟೆ. ಉಪ್ಪಿತ್ತು, ಆದರೆ ಗಂಜಿಗೆ ಹಾಕಿದಷ್ಟು ಮಾತ್ರ.

ನನಗೆ ಪ್ಲಾಂಟಿನ ಐಸ್ ಕಲ್ಲು ಕಣ್ಣ ಮುಂದೆ ಬಂತು. ಹೊರಗೆ ಗಾಜಿನ ಹಾಗೆ, ನಡುವೆ ಹೊಟ್ಟೆಯಲ್ಲಿ ಬಿಳಿ. ಕ್ಯಾನಿನ ತುಕ್ಕು, ನೀರಿನ ಕಸ, ಗಾಳಿ ಎಲ್ಲ ಆ ಬಿಳಿಯಲ್ಲೇ ಇರುತ್ತಿತ್ತು, ಅಂಚಿನಲ್ಲಿ ಒಂದು ಚೂರೂ ಇರುತ್ತಿರಲಿಲ್ಲ. ಐಸ್ ಹೊರಗಿನಿಂದ ಕಟ್ಟುತ್ತಾ ಬರುವಾಗ ನೀರಲ್ಲದ್ದನ್ನೆಲ್ಲ ಮುಂದೆ ಮುಂದೆ ದೂಡಿಕೊಂಡು ಬರುತ್ತದೆ. ಕೊನೆಗೆ ನಡುವಿನಲ್ಲಿ ದೂಡಲು ಜಾಗವಿಲ್ಲದೆ ಬಿಡುತ್ತದೆ. ಅದನ್ನು ಸಾವಿರಾರು ಕಲ್ಲುಗಳಲ್ಲಿ ಕಂಡಿದ್ದೆ. ಅಲ್ಲಿ ತುಕ್ಕು, ಇಲ್ಲಿ ಉಪ್ಪು. ಹುಡುಗಿ ಹೇಳುತ್ತಿದ್ದುದೂ ಅದನ್ನೇ, ಆ ಉತ್ತರದ ಮುದುಕಿ ಹೇಳಿದ್ದೂ ಅದನ್ನೇ.

ಹುಡುಗಿ ಹಲ್ಲುಜ್ಜುತ್ತಾ ಬಂದು ನೋಡಿದಳು. "ನೆಕ್ಕಿದಿಯಾ? ಆ ನೀರಿನಲ್ಲಿ ಎಂತೆಂತ ಇರ್ತದೆ ಗೊತ್ತುಂಟಾ ನಿನಗೆ?"

"ಈಗ ಗೊತ್ತಾಯ್ತು," ಎಂದೆ.

ಸರಿ, ಸಮುದ್ರ ಐಸ್ ಆಗುತ್ತದೆ. ಗೋಡೆಯ ಆಚೆ ಸುದ್ದಿ ಮುಟ್ಟಿಸಿದ್ದು ಹುಡುಗಿಯೇ. "ಅಕ್ಕ, ಎಪ್ಪತ್ತು ದಾಟಿದ ಮೇಲೆ ನಿಮ್ಮ ಮಾತು ಸುಳ್ಳಾದದ್ದು ಇದೇ ಮೊದಲಾ?" ಎಂದು ಬ್ಯಾರಿ ಹೆಂಗಸು ಕೇಳಿದಳು. "ಎರಡನೇದು. ಮೊದಲನೇದು ನಿನ್ನನ್ನು ಒಳ್ಳೆಯವಳು ಅಂದದ್ದು," ಎಂದೆ.

ಕೊನೆಯ ಗುರುವಾರ ಬಂತು. ಹುಡುಗಿ ನನ್ನ ನೈಟಿ ಬಿಡಿಸಿ ಸೀರೆ ಉಡಿಸಿದಳು. ಫ್ಯಾನ್ ನಿಲ್ಲಿಸಿದಳು, ಕಿಟಕಿ ಹಾಕಿದಳು. ಪರದೆಯ ಮೇಲೆ ಮೂವರು ಪರೀಕ್ಷಕರು, ಕೆಳಗೆ ಸ್ಟುಡಿಯೋದ ಗಾಜಿಗೆ ಅಂಟಿಸಿದ ಪಾಸ್‌ಪೋರ್ಟ್ ಫೋಟೋಗಳ ಹಾಗೆ ಬೇರೆ ವಿದ್ಯಾರ್ಥಿಗಳು, ಪ್ರತಿಯೊಬ್ಬರ ಪಕ್ಕದಲ್ಲಿ ಒಬ್ಬೊಬ್ಬ ಅಪ್ಪನೋ ಚಿಕ್ಕಮ್ಮನೋ. ಎಲ್ಲರೂ ಸರ್ಕಾರಿ ಆಸ್ಪತ್ರೆಯ ಬೆಂಚಿನಲ್ಲಿ ಕೂತವರ ಹಾಗೆ ಕಾಣುತ್ತಿದ್ದರು.

ಹುಡುಗಿ ಐದು ನಿಮಿಷ ಚೆನ್ನಾಗಿಯೇ ಹೇಳಿದಳು. ಸಮುದ್ರ ಐಸ್ ಆಗುವಾಗ ಉಪ್ಪನ್ನು ಹೊರಗೆ ಬಿಡುತ್ತದೆ, ಆ ಉಪ್ಪಿನ ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ, ಇಳಿದು ಅಡಿಯ ನೀರನ್ನು ದೂಡುತ್ತದೆ, ಹಾಗೆ ಲೋಕದ ಸಮುದ್ರವೆಲ್ಲ ನಿಧಾನಕ್ಕೆ ತಿರುಗುತ್ತಿರುತ್ತದೆ, ಐಸ್ ಕಡಿಮೆಯಾದರೆ ಆ ತಿರುಗಾಟ ಏರುಪೇರಾಗುತ್ತದೆ. ನಾನು ಇದನ್ನು ಹತ್ತನೆಯ ಸಲ ಕೇಳುತ್ತಿದ್ದೆ.

ಆಮೇಲೆ ನನ್ನ ಸರದಿ. ಐಸ್ ಎಂದರೆ ಎಲ್ಲಿಂದ ಶುರು ಮಾಡುವುದು? ಪ್ಲಾಂಟಿನಿಂದ ಶುರು ಮಾಡಿದೆ. ತೊಟ್ಟಿ, ಹಲಗೆ, ಕ್ಯಾನು, ಗ್ಯಾಸಿನ ವಾಸನೆಗೆ ಕಣ್ಣು ಉರಿಯುವುದು. ಮೂವರೂ ತಲೆಯಾಡಿಸುತ್ತಿದ್ದರು, ಅವರಿಗೆ ತುಳು ಗೊತ್ತಿದ್ದ ಹಾಗೆ. ಹುಡುಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಫ್ರಿಜ್ಜಿಗೆ ಬಂದೆ, ಮುಷ್ಟಿ ಉಪ್ಪಿಗೆ ಬಂದೆ, ಪಣಂಬೂರಿನ ಬಾಟಲಿಗೆ ಬಂದೆ. ಕೊನೆಗೆ ಹೇಳಿದೆ:

"ಇವಳು ಹೇಳಿದ್ದರಿಂದ ನನಗೆ ಅರ್ಥ ಆದದ್ದಲ್ಲ. ಎಷ್ಟು ಹೇಳಿದ್ರೂ ಆಗ್ತಿರ್ಲಿಲ್ಲ. ನೆಕ್ಕಿ ನೋಡಿದ್ದರಿಂದ ಆದದ್ದು."

ಅಷ್ಟಕ್ಕೆ ಮೂರು ನಿಮಿಷ ಮುಗಿದ ಗಂಟೆ ಹೊಡೆಯಿತು.

ಇಂಗ್ಲಿಷಿನಲ್ಲಿ ಹುಡುಗಿ ಏನು ಬೇಕಾದರೂ ಹೇಳಬಹುದಿತ್ತು, ನನಗೆ ತಿಳಿಯುತ್ತಿರಲಿಲ್ಲ. ಅಜ್ಜಿಗೆ ಎಲ್ಲ ಚೆನ್ನಾಗಿ ಅರ್ಥವಾಗಿದೆ ಎಂದು ಹೇಳಿದ್ದರೂ ಕೇಳುವವರಿಲ್ಲ. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಫ್ರಿಜ್ ಎಂದಳು, ಪಣಂಬೂರು ಎಂದಳು, ಕೊನೆಗೆ ತನ್ನ ನಾಲಗೆಯ ತುದಿಗೆ ಬೆರಳು ಮುಟ್ಟಿಸಿ ತೋರಿಸಿದಳು. ಹೇಳಿದ್ದನ್ನೇ ಹೇಳಿದ್ದಾಳೆ ಎಂದು ಗೊತ್ತಾಯಿತು. ಮೂವರೂ ನಕ್ಕರು. ನಡುವಿನಲ್ಲಿದ್ದ ಕನ್ನಡಕದವಳು ಮಾತ್ರ ತಲೆ ತಗ್ಗಿಸಿ ಏನೋ ಬರೆದುಕೊಂಡಳು.

ಲ್ಯಾಪ್‌ಟಾಪ್ ಮುಚ್ಚಿ ಫ್ಯಾನ್ ಹಾಕಿದ ಮೇಲೆ ಹುಡುಗಿ ಕೇಳಿದಳು. "ಕೆಳಗೆ ಇಳಿಯುವ ನೀರು ಎಲ್ಲಿ ಹೋಯ್ತು ಅಜ್ಜಿ? ಮುಖ್ಯದ್ದೇ ಅದು."

"ಟೈಮ್ ಆಯ್ತಲ್ಲ."

"ಐಸ್ ಪ್ಲಾಂಟಿಗೇ ಎರಡು ನಿಮಿಷ ಹೋಯ್ತು."

"ಪ್ಲಾಂಟ್ ಬಿಟ್ಟು ಐಸಿನ ವಿಷಯ ಹೇಗೆ ಹೇಳುವುದು?"

"ಮತ್ತೆ, ನಾನು ಹೇಳಿದ್ದು ಅರ್ಥ ಆಗ್ಲಿಲ್ಲ ಅಂತ ಅವರ ಎದುರೇ ಹೇಳ್ಬೇಕಿತ್ತಾ?"

"ಅದನ್ನು ಕೇಳ್ಲಿಕ್ಕೇ ಅಲ್ಲವಾ ಅವರು ಕೂತದ್ದು? ನೀನು ಯಾಕೆ ಹಾಗೇ ತಿರುಗಿಸಿದ್ದು? ಚಂದ ಮಾಡಿ ಹೇಳ್ಬಹುದಿತ್ತಲ್ಲ."

"ನನಗೆ ಹಾಗೆಲ್ಲ ಬರುವುದಿಲ್ಲ," ಎಂದು ಎದ್ದು ಹೋದಳು. ಯಾರ ಮೊಮ್ಮಗಳು ಎಂದು ನನಗೆ ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ.

ಹತ್ತು ದಿನದ ಮೇಲೆ ಮೇಲ್ ಬಂತು. ಎಂಟು ಮಂದಿಯಲ್ಲಿ ಅವಳ ಹೆಸರಿಲ್ಲ. ಕಾಯುವವರ ಪಟ್ಟಿಯಲ್ಲಿ ಇದೆ. ಹುಡುಗಿ ಅಳಲಿಲ್ಲ, ಬೈಯಲಿಲ್ಲ, ನಾನು ಕರಿದ ಕಾಣೆ ಮೀನನ್ನು ಬೇಡ ಎಂದಳು. ಬೈದಿದ್ದರೆ ನಾನೂ ಎರಡು ಮಾತು ಹೇಳಿ ಮುಗಿಸುತ್ತಿದ್ದೆ. ಸುಮ್ಮನಿರುವವರ ಜೊತೆ ಜಗಳ ಮಾಡಲಾಗುವುದಿಲ್ಲ. ನನ್ನ ಗಂಡನ ಜೊತೆ ಅದೇ ಕಷ್ಟವಿತ್ತು. ನನ್ನ ಬಾಯಿಯಿಂದ ಅವಳ ಸೀಟು ಹೋಯಿತು ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಮುಂದಿನ ಎರಡು ವಾರ ನಾನು ಬಂಗುಡೆ ಬೂತಾಯಿಯ ವಿಷಯ ಎತ್ತಲಿಲ್ಲ.

ಮತ್ತೊಂದು ಮೇಲ್ ಬಂದದ್ದು ಮಳೆ ಹಿಡಿಯುವ ಹೊತ್ತಿಗೆ. ಎಂಟರಲ್ಲಿ ಒಬ್ಬ ಬರುವುದಿಲ್ಲವಂತೆ. ಕಾಯುವ ಪಟ್ಟಿಯಲ್ಲಿರುವವರು ಇನ್ನೊಮ್ಮೆ ತಿಳಿಸಿ ತೋರಿಸಬೇಕು, ಕೇಳುವವರು ಮಾತ್ರ ಬೇರೆಯವರಾಗಬೇಕು, ನೆರೆಮನೆಯವರಾದರೂ ಆದೀತು. ಹುಡುಗಿಯ ಹೆಸರಿನ ಕೆಳಗೆ ಕನ್ನಡಕದವಳು ಒಂದು ಮಾತು ಬರೆದಿದ್ದಳು. ಹುಡುಗಿ ಅದನ್ನು ನನಗೆ ಓದಿ ಹೇಳಿದಳು: 'ನಿಮ್ಮ ಅಜ್ಜಿ ಎಲ್ಲಿ ಮುಗಿಸಿದರೋ ನೀವು ಅಲ್ಲಿಂದ ಶುರು ಮಾಡಿ.'

"ಅದರ ಅರ್ಥ ಎಂತ?" ಎಂದೆ.

"ಮೊದಲು ನೆಕ್ಕಿಸು, ಆಮೇಲೆ ಮಾತಾಡು ಅಂತ."

ಕೇಳುವವಳು ಬ್ಯಾರಿ ಹೆಂಗಸು ಎಂದು ನಿಶ್ಚಯವಾಯಿತು. ಈ ಸಲ ಪಣಂಬೂರಿನ ನೀರು ಬೇಡ ಎಂದು ಹುಡುಗಿ ಸಮುದ್ರದಲ್ಲಿರುವಷ್ಟೇ ಉಪ್ಪು ಅಳೆದು, ಕುಡಿಯುವ ನೀರಿಗೆ ಹಾಕಿ, ಫ್ರೀಜರಿಗೆ ಇಟ್ಟಳು. ನನ್ನನ್ನು ಉಪ್ಪಿನ ಭರಣಿಯ ಹತ್ತಿರ ಬಿಡಲಿಲ್ಲ. ಆ ದಿನ ಸಂಜೆ ಕೋಣೆಯ ಹತ್ತಿರವೂ ಬಿಡಲಿಲ್ಲ.

"ಅಜ್ಜಿ, ನೀನು ಅಡುಗೆ ಮನೆಯಲ್ಲಿ ಇರು. ಬಾಗಿಲು ಹಾಕು. ಎಂತ ಕೇಳಿದ್ರೂ ಮಾತಾಡ್ಬೇಡ."

"ಪಾತ್ರೆ ತೊಳೆಯಬಹುದಾ?"

"ಸದ್ದು ಆಗ್ತದೆ."

ನನ್ನ ಮನೆಯಲ್ಲಿ ನಾನು ಮಣೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತೆ. ಬಾಗಿಲಿನ ಸಂದಿನಿಂದ ಎಲ್ಲ ಕೇಳುತ್ತಿತ್ತು. ಹುಡುಗಿ ಮೊದಲು ಒಂದು ಚೂರು ಐಸ್ ಕೊಟ್ಟಳು, ಆಮೇಲೆ ಚಮಚದಲ್ಲಿ ಉಳಿದ ನೀರು ಕೊಟ್ಟಳು. ಬ್ಯಾರಿ ಹೆಂಗಸು ಥೂ ಎಂದಳು. ಅಲ್ಲಿಂದ ಮೇಲೆ ಹುಡುಗಿ ಮಾತಾಡಿದ್ದು ಎರಡೇ ನಿಮಿಷ. ತಿರುಗಿ ಹೇಳುವ ಸರದಿ ಬಂದಾಗ ಬ್ಯಾರಿ ಹೆಂಗಸು, ಅಂಗಡಿಯಲ್ಲಿ ಚೀಟಿ ಓದಿದ ಹಾಗೆ, ಹೇಳಿ ಮುಗಿಸಿದಳು:

"ಐಸ್ ಆಗುವಾಗ ಸಮುದ್ರ ಉಪ್ಪನ್ನು ಹೊರಗೆ ಹಾಕ್ತದೆ. ಆ ಉಪ್ಪಿನ ನೀರು ಭಾರ, ಅಡಿಗೆ ಹೋಗ್ತದೆ, ಅಡಿಯಲ್ಲಿದ್ದ ನೀರನ್ನು ದೂಡ್ತದೆ. ದೂಡಿ ದೂಡಿ ಎಲ್ಲ ಕಡೆಯ ನೀರು ತಿರುಗ್ತದೆ. ಅಲ್ಲಿ ಐಸ್ ಕಡಿಮೆ ಆದ್ರೆ ದೂಡುವ ಬಲ ಕಡಿಮೆ. ಅಷ್ಟೇ ಅಲ್ಲವಾ ಮಗಳೇ? ಇದಕ್ಕೆ ಅಕ್ಕನಿಗೆ ಒಂದು ತಿಂಗಳು ಬೇಕಾಯ್ತಾ?"

ಕೊನೆಯ ವಾಕ್ಯವನ್ನೂ ಹುಡುಗಿ ಇಂಗ್ಲಿಷಿಗೆ ತಿರುಗಿಸಿದಳೋ ಏನೋ. ಲ್ಯಾಪ್‌ಟಾಪಿನಿಂದ ನಗು ಕೇಳಿತು. ನಾನು ಮಣೆಯ ಮೇಲೆ ಕೂತು ಕೋಪ ಮಾಡಿಕೊಂಡೆ. ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಸೀಟು ಸಿಕ್ಕಿತು. ಹುಡುಗಿ ಓಡಿ ಬಂದು ಮೊದಲು ನನಗೇ ಹೇಳಿದಳು, ಅದು ಸರಿ. ಆದರೆ ದೇರೆಬೈಲಿನಲ್ಲಿ ಈಗ ಎಲ್ಲರಿಗೂ ಗೊತ್ತಿರುವುದು, ಹುಡುಗಿಯನ್ನು ಉತ್ತರ ಧ್ರುವಕ್ಕೆ ಕಳಿಸಿದ್ದು ಬ್ಯಾರಿ ಹೆಂಗಸು ಎಂದು. ಮೀನಿನವಳಿಗೂ ಹೇಳಿದ್ದಾಳೆ. ಅಜ್ಜಿಯಿಂದ ತಪ್ಪಿಹೋದದ್ದನ್ನು ತಾನು ಎರಡು ಮಾತಿನಲ್ಲಿ ದಾಟಿಸಿದೆ ಎಂದು ಹೇಳುತ್ತಾಳೆ. ನಾನು ಎದುರು ಹೇಳುವುದಿಲ್ಲ, ಯಾಕೆಂದರೆ ಅದು ನಿಜ.

ಹುಡುಗಿ ಹೋಗಿ ನಾಲ್ಕನೆಯ ದಿನ ವಿಡಿಯೋ ಕಾಲ್ ಮಾಡಿದಳು. ನಾವಿಬ್ಬರೂ ಮೊಬೈಲಿನ ಮುಂದೆ ತಲೆ ತಾಗಿಸಿ ಕೂತೆವು. ಹೊರಗೆ ಮಳೆ ಹೊಯ್ಯುತ್ತಿತ್ತು. ಅವಳು ಸಮುದ್ರದ ಬದಿಯಲ್ಲಿ ನಿಂತಿದ್ದಳು. ಹಿಂದೆ ಕಪ್ಪು ಕಲ್ಲು, ಬೋಳು ಗುಡ್ಡ, ಬೂದಿ ಬಣ್ಣದ ನೀರು.

"ಐಸ್ ಎಲ್ಲಿ?" ಎಂದೆ.

"ಇಲ್ಲಿ ಇಲ್ಲ ಅಜ್ಜಿ. ಇಲ್ಲಿ ಈಗ ಬೇಸಿಗೆ ಅಲ್ಲವಾ, ಇನ್ನೂ ಉತ್ತರಕ್ಕೆ ಸರಿದು ಹೋಗಿದೆ. ಮೊದಲೆಲ್ಲ ಈ ತಿಂಗಳಲ್ಲಿ ಇಲ್ಲೇ ನಿಂತು ನೋಡಬಹುದಿತ್ತಂತೆ. ಈಗ ಬೋಟಿನಲ್ಲಿ ಎರಡು ದಿನ ಹೋಗ್ಬೇಕು. ನಾಳೆ ಹೊರಡ್ತೇವೆ."

"ಇಷ್ಟು ದೂರ ಹೋದದ್ದು ಸಾಲದು ಅಂತ ಇನ್ನೂ ಎರಡು ದಿನವಾ?" ಎಂದಳು ಬ್ಯಾರಿ ಹೆಂಗಸು. "ಮಗಳೇ, ಸ್ವಲ್ಪ ಸರಿ, ನಿನ್ನ ಹಿಂದಿನ ಆ ಮನೆ ಯಾರದ್ದು? ಬಾಗಿಲಿಗೆ ಎಂಥ ಕೆಂಪು ಬಣ್ಣ."

ಹುಡುಗಿ ಸರಿದು ಮನೆ ತೋರಿಸಿದಳು. ಗಾಳಿ ಜೋರಾಗಿತ್ತು, ಅವಳ ಮೂಗು ಒರೆಸಿ ಒರೆಸಿ ಕೆಂಪಾಗಿತ್ತು, ಮುಖ ಮಾತ್ರ ಖುಷಿಯಲ್ಲಿ ಅರಳಿತ್ತು. ಐಸ್ ಇಲ್ಲದ ಸಮುದ್ರವನ್ನು ಇಷ್ಟು ಖುಷಿಯಲ್ಲಿ ತೋರಿಸುವವಳನ್ನು ನಾನು ಕಂಡಿರಲಿಲ್ಲ.

"ಮೊಬೈಲ್ ಸ್ವಲ್ಪ ಕೆಳಗೆ ಹಿಡಿ," ಎಂದೆ. "ಸಾಕ್ಸ್ ಹಾಕಿದ್ದೀಯಾ ನೋಡುವ."